ಕಥೆಗೂ ಒಂದು ಸರಳೆ ವರಸೆ

ಒಂದು ಪುಟದಷ್ಟು ಬರೆಯಬೇಕು. 200ರಿಂದ 350 ಪದ. ಒಂದು ಜಾಗವೋ ಒಬ್ಬ ಮನುಷ್ಯನೋ ಓದುವವರ ಕಣ್ಣಿಗೆ ಕಟ್ಟಬೇಕು. ಆದರೆ ಗುಣವಾಚಕ ಒಂದೂ ಇರಕೂಡದು, ಕ್ರಿಯಾವಿಶೇಷಣವೂ ಕೂಡದು. ‘ದೊಡ್ಡ’ ಇಲ್ಲ, ‘ಕಪ್ಪು’ ಇಲ್ಲ, ‘ಮೆಲ್ಲಗೆ’ ಇಲ್ಲ. ಸಂಭಾಷಣೆಯ ಆಸರೆಯೂ ಇಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್ ಹದಿನಾಲ್ಕು ಹದಿನೈದರ ಹುಡುಗಿಯಾಗಿದ್ದಾಗ ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡಿದು. ಅರ್ಧ ಶತಮಾನ ಕಳೆದ ಮೇಲೆ ಅದು ಅವರ ಕೈಪಿಡಿಯಲ್ಲಿ ಐದನೆಯ ಅಭ್ಯಾಸವಾಗಿ ಸೇರಿತು. ಅದಕ್ಕೆ ಅವರಿಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಬ್ರಹ್ಮಚರ್ಯ!

‘ಸ್ಟೀರಿಂಗ್ ದ ಕ್ರಾಫ್ಟ್’ ಎಂಬ ಆ ಕೈಪಿಡಿ ಹುಟ್ಟಿದ್ದು 1996ರಲ್ಲಿ ಅವರು ನಡೆಸಿದ ಒಂದು ಬರವಣಿಗೆ ಕಮ್ಮಟದಿಂದ. 1998ರಲ್ಲಿ ಅಚ್ಚಾಯಿತು, 2015ರಲ್ಲಿ ಲೇಖಕಿಯೇ ಕೂತು ಅದನ್ನು ತಿದ್ದಿ ಹೊಸದು ಮಾಡಿದರು. ಇಂಗ್ಲಿಷಿನಲ್ಲಿ ಕ್ರಾಫ್ಟ್ ಎಂದರೆ ಕಸುಬೂ ಹೌದು, ದೋಣಿಯೂ ಹೌದು. ಹಾಗಾಗಿ ಪುಸ್ತಕದ ತುಂಬ ಚುಕ್ಕಾಣಿ, ನಾವಿಕರು, ಸಮುದ್ರ. ಹೊಸ ಆವೃತ್ತಿಯ ಉಪಶೀರ್ಷಿಕೆಯಲ್ಲಿ ಕಥೆಯ ಕಡಲೇ ಬಂದಿದೆ. ಸೋಮದೇವನ ‘ಕಥಾಸರಿತ್ಸಾಗರ’ದ ಹೆಸರು ಕೇಳಿದವರಿಗೆ ಆ ರೂಪಕ ಹೊಸದೇನಲ್ಲ.

ಕಥಾವಸ್ತು ಎಲ್ಲಿ ಸಿಗುತ್ತದೆ, ಪ್ರಕಾಶಕರನ್ನು ಹಿಡಿಯುವುದು ಹೇಗೆ ಎಂದು ಹುಡುಕುವವರಿಗೆ ಈ ಪುಸ್ತಕ ನಿರಾಸೆ ಮಾಡುತ್ತದೆ. ಮೊದಲ ಅಧ್ಯಾಯವೇ ಸದ್ದಿನ ಬಗ್ಗೆ. ಆಮೇಲೆ ವಿರಾಮಚಿಹ್ನೆ, ವಾಕ್ಯದ ಉದ್ದ, ಪದಗಳ ಪುನರಾವರ್ತನೆ, ಕ್ರಿಯಾಪದದ ಕಾಲ. ಸಂಗೀತ ಕಲಿಯುವವರು ಸರಳೆ, ಜಂಟಿ ಮುಗಿಸದೆ ಕೃತಿಗೆ ಕೈ ಹಾಕುವುದಿಲ್ಲ. ಕಥೆ ಬರೆಯುವವರು ಮಾತ್ರ ಮೊದಲ ದಿನವೇ ಕಛೇರಿಗೆ ಕೂತುಬಿಡುತ್ತಾರೆ. ‘ಎ ವಿಜರ್ಡ್ ಆಫ್ ಅರ್ತ್‌ಸೀ’ಯಂಥ ಕಾದಂಬರಿ ಬರೆದು ಲೋಕವನ್ನೇ ಗೆದ್ದ ಲೆ ಗ್ವಿನ್ ತಮ್ಮ ಶಿಷ್ಯರನ್ನು ಮತ್ತೆ ಸ-ರಿ-ಗ-ಮಕ್ಕೆ ಕರೆದೊಯ್ದರು.

ಈ ಅಭ್ಯಾಸಗಳೆಲ್ಲ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ. ಕನ್ನಡಕ್ಕೆ ತೊಡಿಸಿದರೆ ಕೆಲವು ಕಡೆ ಸಡಿಲ, ಕೆಲವು ಕಡೆ ಬಿಗಿ. ಕಲಿಯಲು ಸಿಗುವುದು ಬಹುಶಃ ಅಲ್ಲೇ.

ವಿರಾಮಚಿಹ್ನೆ ಒಂದೂ ಇಲ್ಲದೆ ಒಂದು ಪುಟ ಬರೆಯಿರಿ ಎನ್ನುತ್ತದೆ ಎರಡನೆಯ ಅಭ್ಯಾಸ. ಇಂಗ್ಲಿಷಿನಲ್ಲಿ ಇದು ಓದುಗನ ದಾರಿ ತಪ್ಪಿಸುವ ಸಾಹಸ. ಕನ್ನಡದಲ್ಲಿ ವಾಕ್ಯದ ಕೊನೆಗೆ ಕ್ರಿಯಾಪದ ತಾನೇ ಬಂದು ನಿಲ್ಲುತ್ತದೆ. ಪೂರ್ಣವಿರಾಮದ ಅರ್ಧ ಕೆಲಸವನ್ನು ಅದೇ ಮಾಡಿ ಮುಗಿಸುತ್ತದೆ. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳಿಲ್ಲದ ಓಲೆಗರಿಯಲ್ಲೇ ಕನ್ನಡ ಶತಮಾನಗಳ ಕಾಲ ಕಥೆ ಹೇಳಿತಲ್ಲ. ಏಳೇ ಪದಗಳೊಳಗೆ ಮುಗಿಯುವ ಪುಟ್ಟ ವಾಕ್ಯಗಳ ಅಭ್ಯಾಸವೂ ಇಲ್ಲಿ ಶಿಕ್ಷೆಯಲ್ಲ. ‘ಬರಬೇಕಾಗಿತ್ತಂತೆ’ ಎಂಬ ಒಂದೇ ಪದದಲ್ಲಿ ಎಷ್ಟೊಂದು ತುಂಬಿಸಬಹುದು ನೋಡಿ. ಹಾಗೆಯೇ 350 ಪದಗಳ ಒಂದೇ ವಾಕ್ಯ. ಎದ್ದು, ಹಾಲು ಕರೆದು, ಡೈರಿಗೆ ಹಾಕಿ, ಸಂತೆಗೆ ಹೋಗಿ ಎಂದು ‘ಇ’ಕಾರ ‘ಉ’ಕಾರಗಳ ಬೆನ್ನೇರಿ ಎಷ್ಟು ದೂರವಾದರೂ ಹೋಗಬಹುದು. ತೊಡಕು ಬೇರೆ ಕಡೆ ಇದೆ. ಎದ್ದವರು, ಕರೆದವರು, ಹೋದವರು ಎಲ್ಲ ಒಬ್ಬರೇ ಆಗಿರಬೇಕು. ನಡುವೆ ಇನ್ನೊಬ್ಬರು ತಲೆಹಾಕಿದರೆ ‘ಹೋದಾಗ’, ‘ಬರಲು’, ‘ಕಂಡದ್ದರಿಂದ’ಗಳ ಸೇತುವೆ ಕಟ್ಟಬೇಕು. ಅಷ್ಟೂ ಕೆಲಸಗಳ ಭಾರ ಹೊರಲು ಕೊನೆಯಲ್ಲಿ ಒಂದು ಗಟ್ಟಿ ಕ್ರಿಯಾಪದವೂ ಬೇಕು.

ಕನ್ನಡ ಬರೆಯುವವರ ಉಸಿರು ಕಟ್ಟುವುದು ‘ಬ್ರಹ್ಮಚರ್ಯ’ದಲ್ಲಿ. ಸದ್ದಿನ ಅಧ್ಯಾಯದ ಹೊತ್ತಿಗೆ ಪಟಪಟ, ಸರಸರ, ಜಿಟಿಜಿಟಿ, ದಬದಬ ಎಂದು ಅನುಕರಣಾವ್ಯಯಗಳ ಮೂಟೆಯನ್ನೇ ಬಿಚ್ಚಿದ್ದವರು ಇಲ್ಲಿ ಅದನ್ನು ಕಟ್ಟಿಡಬೇಕು, ಏಕೆಂದರೆ ಅವೂ ಕ್ರಿಯೆಗೆ ವಿಶೇಷಣಗಳೇ. ‘ಮುದುಕಿ ನಿಧಾನವಾಗಿ ಎದ್ದು ಹಳೆಯ ಬಾಗಿಲು ತೆರೆದಳು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ‘ನಿಧಾನವಾಗಿ’ ಹೋಯಿತು, ‘ಹಳೆಯ’ ಹೋಯಿತು. ಈಗ? ‘ಮುದುಕಿ ಮಂಡಿಗೆ ಕೈ ಊರಿ ಎದ್ದಳು. ಗೋಡೆ ಹಿಡಿದಳು. ಚಿಲಕ ಜಾರಿಸಿ ಬಾಗಿಲನ್ನು ಭುಜದಿಂದ ನೂಕಿದಳು.’ ನಿಧಾನ ಎಲ್ಲೂ ಹೋಗಿಲ್ಲ, ಮಂಡಿಗೆ ಇಳಿದಿದೆ.

ಬರೆಯುವುದನ್ನು ಕಲಿಸುವ ಪುಸ್ತಕ ಎಂದರೆ ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಕನ್ನಡದಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯ ಗ್ರಂಥವೇ ಅಂಥದ್ದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚನೆಯಾದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಮಾದರಿಯಾಗಿಟ್ಟುಕೊಂಡು ಕಾವ್ಯದ ದೋಷ, ಗುಣ, ಅಲಂಕಾರಗಳನ್ನು ವಿವರಿಸುತ್ತದೆ. ಈ ನಾಡಿನ ಜನ ಓದಿ ಕಲಿಯದೆಯೂ ಕಾವ್ಯ ಕಟ್ಟಬಲ್ಲರು ಎಂಬ ಪ್ರಸಿದ್ಧ ಹೊಗಳಿಕೆ ಇರುವುದೂ ಅದರಲ್ಲೇ. ಹಾಗಿದ್ದರೆ ಕೈಪಿಡಿ ಬರೆದದ್ದೇಕೆ ಎಂದು ಆಸ್ಥಾನದಲ್ಲಿ ಯಾರಾದರೂ ಕೇಳಿರಬಹುದೇನೋ.

ಲೆ ಗ್ವಿನ್ ಹೆಚ್ಚು ಹೊತ್ತು ಕೂರಿಸುವುದು ‘ಯಾರ ಕಣ್ಣಿನಿಂದ?’ ಎಂಬ ಪ್ರಶ್ನೆಯ ಮುಂದೆ. ಸೆಫ್ರಿಡ್ ಎಂಬ ರಾಜಕುಮಾರಿ ಅಪರಿಚಿತರು ತುಂಬಿದ ಕೋಣೆಯೊಳಕ್ಕೆ ಬರುತ್ತಾಳೆ. ನಡೆಯುವುದು ಅಷ್ಟೇ. ಅದನ್ನೇ ಅವಳ ಬಾಯಿಂದ, ಅವಳ ಮನಸ್ಸಿನೊಳಗಿನಿಂದ, ಎಲ್ಲರೊಳಗೂ ಇಣುಕಬಲ್ಲ ಲೇಖಕರ ದನಿಯಲ್ಲಿ, ಗೋಡೆಯ ಮೇಲಿನ ನೊಣ ಕಂಡಂತೆ, ಬದಿಯಲ್ಲಿ ನಿಂತ ಇನ್ನೊಬ್ಬರು ಹೇಳಿದಂತೆ ಮತ್ತೆ ಮತ್ತೆ ಬರೆದು ತೋರಿಸುತ್ತಾರೆ. ಪ್ರತಿ ಸಲವೂ ಕಥೆಯೇ ಬೇರೆಯಾಗುತ್ತದೆ. ನಮ್ಮ ಅಜ್ಜಿಯರಿಗೆ ಇದಕ್ಕೆ ಒಂದು ಪ್ರತ್ಯಯ ಸಾಕಿತ್ತು. ‘ರಾಜ ಇದ್ದ’ ಎಂದರೆ ಹೇಳುವವರೇ ಸಾಕ್ಷಿ. ‘ಇದ್ದನಂತೆ’ ಎಂದ ಕೂಡಲೇ ಕಥೆ ಊರಿನ ಆಸ್ತಿ, ಸುಳ್ಳಾದರೆ ಅಜ್ಜಿ ಹೊಣೆಯಲ್ಲ. ಅಚ್ಚಿನ ಕಥೆಗೆ ಬಂದಾಗ ಬಹುತೇಕ ಲೇಖಕರು ಆ ‘ಅಂತೆ’ಯನ್ನು ಕೈಬಿಟ್ಟರು. ಏನನ್ನು ಬಿಟ್ಟೆವು ಎಂಬುದು ಇಂಥ ಅಭ್ಯಾಸ ಮಾಡುವಾಗ ಹೊಳೆಯುತ್ತದೆ.

ಸಂಘರ್ಷವಿಲ್ಲದೆ ಕಥೆಯಿಲ್ಲ ಎಂಬ ಕಮ್ಮಟಗಳ ನೆಚ್ಚಿನ ಸೂತ್ರವನ್ನು ಲೆ ಗ್ವಿನ್ ಒಪ್ಪುವುದಿಲ್ಲ. ಜಗಳ ಮನುಷ್ಯರ ನಡವಳಿಕೆಗಳಲ್ಲಿ ಒಂದು ಮಾತ್ರ. ಹುಡುಕುವುದು, ಕಳೆದುಕೊಳ್ಳುವುದು, ಸಹಿಸುವುದು, ಅಗಲುವುದು ಕೂಡ ಕಥೆಯನ್ನು ನಡೆಸುತ್ತವೆ, ಏನಾದರೂ ಬದಲಾದರೆ ಸಾಕು ಎಂಬುದು ಅವರ ವಾದ. ಗುಂಪಿನಲ್ಲಿ ಕಲಿಯುವವರಿಗೂ ಒಂದು ನಿಯಮವಿದೆ. ತಮ್ಮ ಬರಹದ ಚರ್ಚೆ ನಡೆಯುವಾಗ ಬರೆದವರು ಬಾಯಿ ಬಿಡಬಾರದು. ‘ನಾನು ಹೇಳಹೊರಟದ್ದು ಅದಲ್ಲ’ ಎಂಬ ಸಮಜಾಯಿಷಿಗೂ ಅವಕಾಶವಿಲ್ಲ. ನಮ್ಮ ಕಮ್ಮಟಗಳಲ್ಲಿ ಇದೊಂದನ್ನು ಜಾರಿಗೆ ತಂದರೆ ಊಟದ ಬಿಡುವು ಸಮಯಕ್ಕೆ ಸರಿಯಾಗಿ ಆದೀತು.

ಕೊನೆಯ ಅಭ್ಯಾಸ ಎಲ್ಲಕ್ಕಿಂತ ಕ್ರೂರ. 400 ಪದ ದಾಟಿದ ತನ್ನದೇ ಬರಹವೊಂದನ್ನು ತೆಗೆದುಕೊಂಡು ಅರ್ಧಕ್ಕೆ ಇಳಿಸಬೇಕು. ಈ ಸಂದರ್ಭಕ್ಕೆ ಹೊಂದುವ ಚೆಕಾಫನ ಸಲಹೆಯೊಂದನ್ನೂ ಪುಸ್ತಕ ನೆನೆಯುತ್ತದೆ: ಕಥೆ ಮುಗಿದ ಮೇಲೆ ಮೊದಲ ಮೂರು ಪುಟ ಹರಿದು ಬಿಸಾಡಿ. ಚಿಕ್ಕ ವಯಸ್ಸಿನಲ್ಲಿ ಇದನ್ನು ಪ್ರಯೋಗಿಸಿ ನೋಡಿದಾಗ, ಚೆಕಾಫ್ ಹೇಳಿದ್ದು ತಪ್ಪಾಗಿರಲಿ ಎಂದು ಲೆ ಗ್ವಿನ್ ಮನಸಾರೆ ಹಾರೈಸಿದ್ದರಂತೆ. ಹಾಗಾಗಲಿಲ್ಲ. ಕಥೆಯೇ ಚಿಕ್ಕದಾಗಿದ್ದರೆ ಮೂರು ಪ್ಯಾರಾ ಬಿಸಾಡಿದರೂ ನಡೆಯುತ್ತದೆ ಎಂಬ ರಿಯಾಯಿತಿಯನ್ನು ಮಾತ್ರ ಕೊಟ್ಟಿದ್ದಾರೆ.