ಹಗಲಲ್ಲಿ ಉರಿದ ದೀಪ, ಕೈತಪ್ಪಿದ ಹದ

ನಮ್ಮದು ಚಳ್ಳಕೆರೆ ಸೀಮೆ. ಆರು ಎಕರೆ ಕೆಂಪು ಮಸಾರಿ, ಎಲ್ಲಾ ಖುಷ್ಕಿ. ಶೇಂಗಾ ಬಿಟ್ಟರೆ ತೊಗರಿ ಸಾಲು, ಒಂದಿಷ್ಟು ಸಜ್ಜೆ. ಹಳೇ ಟ್ರ್ಯಾಕ್ಟರ್ ಒಂದಿದೆ. ಈಗ ಬರೆಯೋದು ಬೆಳೆಯ ವಿಚಾರ ಅಲ್ಲ, ಆ ಟ್ರ್ಯಾಕ್ಟರಿನ ದೀಪದ ವಿಚಾರ. ಆದರೆ ನಷ್ಟ ಆದದ್ದು ಬೆಳೆಗೇ.

2023ರಲ್ಲಿ ಮಳೆ ಹೇಗೆ ಕೈಕೊಟ್ಟಿತು ಅಂತ ಬಯಲುಸೀಮೆಯವರಿಗೆ ಹೇಳಬೇಕಿಲ್ಲ. ಬೀಜ ಸುಲಿದಿಟ್ಟುಕೊಂಡು ಆಕಾಶ ನೋಡಿದ್ದೇ ಆಯಿತು. ಜುಲೈ ಕೊನೆಗೆ ಪುಷ್ಯ ಮಳೆ ಒಂದು ಹದ ಕೊಟ್ಟಿತು. ಊರಿಗೆ ಊರೇ ಹೊಲಕ್ಕೆ ಬಿತ್ತು. ಮೊದಲ ದಿನ ನಾಲ್ಕು ಎಕರೆ ಬಿತ್ತಿದೆ. ಉಳಿದದ್ದು ಎರಡೇ ಎಕರೆ.

ಮಾರನೇ ದಿನ ನಾಲ್ಕೂವರೆಗೇ ಎದ್ದು, ಎರಡೂ ದೀಪ ಹಾಕಿಕೊಂಡು ಹೊರಟೆ. ಹಿಂದಿನ ದೀಪಾನೂ ಹಾಕಿದ್ದೆ. ಒಂದು ಸುತ್ತು ಬರೋದರೊಳಗೆ ಕೂರಿಗೆಯ ಒಂದು ತಾಳು ಕಲ್ಲಿಗೆ ತಗುಲಿ ಮುರೀತು. ಏಳು ಗಂಟೆಗೆ ಮನೆ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ, ಗುಂಡಿ ಎಳೆದು ಇಂಜಿನ್ ಆರಿಸಿ, ಮುರಿದ ತಾಳು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದೆ. ಬಿಸಿಲು ಆಗಲೇ ಬಂದಿತ್ತು. ದೀಪ ಉರಿಯೋದು ಕಣ್ಣಿಗೆ ಬೀಳಲೇ ಇಲ್ಲ.

ಬೆಸುಗೆ ಅಂಗಡಿ ಮುಂದೆ ನನ್ನಂಥವರೇ ಸಾಲುಗಟ್ಟಿದ್ದರು. ಊರಿಗೆ ವಾಪಸ್ ಬಂದಾಗ ನಾಲ್ಕು ಗಂಟೆ. ತಾಳು ಕೂರಿಸಿ ಸೆಲ್ಫ್ ಹೊಡೆದರೆ 'ಟಕ್' ಅಂತ ಒಂದೇ ಸದ್ದು. ಬಗ್ಗಿ ನೋಡಿದರೆ ದೀಪದ ಬುರುಡೆಯೊಳಗೆ ಬೆಂಕಿಕಡ್ಡಿ ಆರುವಾಗ ಇರೋ ಹಾಗೆ ಒಂದು ಕೆಂಪು ಎಳೆ.

"ಬೆಳಗ್ಗಿಂದ ಉರೀತಾನೇ ಐತಲ್ಲ, ನೀವೇ ಹಾಕಿರಬೇಕು ಅನ್ಕಂಡೆ" ಅಂದಳು ಪಕ್ಕದ ಮನೆಯ ಹುಡುಗಿ. ಅವಳದ್ದೇನೂ ತಪ್ಪಿಲ್ಲ. ಹಿಂದೆ ಹಗಲಲ್ಲಿ ದೀಪ ಹಾಕಿಕೊಂಡು ಯಾರಾದರೂ ಬಂದರೆ ಎದುರಿಗೆ ಬರೋ ಪ್ರತಿಯೊಬ್ಬನೂ ಬೆರಳು ಮುಚ್ಚಿ ತೆರೆದು ಸನ್ನೆ ಮಾಡೋನು. 2017ರ ಏಪ್ರಿಲ್ ನಂತರ ಬರೋ ಹೊಸ ಬೈಕುಗಳಲ್ಲಿ ಹಗಲೂ ದೀಪ ಉರಿಯುತ್ತೆ. ಜನಕ್ಕೆ ರೂಢಿಯಾಗಿ ಈಗ ಯಾರೂ ಸನ್ನೆ ಮಾಡೋದಿಲ್ಲ. ಬೈಕಿನದು ಇಂಜಿನ್ ಜೊತೆಗೇ ಆರುತ್ತೆ, ನನ್ನ ಟ್ರ್ಯಾಕ್ಟರಿಂದು ಆರಲ್ಲ.

ಲೆಕ್ಕ ಹಾಕಿದರೆ

ಆಮೇಲೆ ಲೆಕ್ಕ ತಿಳಿಸಿಕೊಟ್ಟವನು ವೈರಿಂಗ್ ಕೆಲಸದ ಹುಡುಗ. ಮುಂದಿನ ಎರಡು ದೀಪ 55 ವ್ಯಾಟಿನಂತೆ 110 ವ್ಯಾಟ್. 12 ವೋಲ್ಟಿನಲ್ಲಿ ಭಾಗಿಸಿದರೆ ಸುಮಾರು 9 ಆಂಪಿಯರ್. ಹಿಂದಿನವು ಸೇರಿ 11 ಅನ್ನಿ. ನನ್ನ ಬ್ಯಾಟರಿ 88 ಆಂಪಿಯರ್-ಅವರ್‌ನದು. ಅಂದರೆ ಎಂಟು ಗಂಟೆಗೆ ತಳ ಕಾಣುತ್ತೆ. ನಾನು ಒಂಬತ್ತು ಗಂಟೆ ಬಿಟ್ಟಿದ್ದೆ! ಸೆಲ್ಫ್ ತಿರುಗೋ ಶಕ್ತಿಯಂತೂ ಅದಕ್ಕೂ ಬಹಳ ಮೊದಲೇ ಹೋಗಿರುತ್ತೆ. ಸಣ್ಣ ಕಾರಿನ 35 ಆಂಪಿಯರಿನ ಬ್ಯಾಟರಿಯಾದರೆ ಮೂರು-ನಾಲ್ಕು ಗಂಟೆಯಲ್ಲೇ ಕಥೆ ಮುಗೀತು.

ಆ ಸಂಜೆ ಯಾರ ಟ್ರ್ಯಾಕ್ಟರೂ ಖಾಲಿ ಇರಲಿಲ್ಲ. ಹದ ಎಲ್ಲರಿಗೂ ಒಂದೇ ಅಲ್ಲವೇ. ಕತ್ತಲಾದ ಮೇಲೆ ಅಣ್ಣನ ಮಗ ತನ್ನ ಗಾಡಿ ತಂದ. ದಪ್ಪ ಕೇಬಲ್ ಇಲ್ಲ. ಮೋಟಾರಿನ ವೈರನ್ನೇ ಎರಡು ಬ್ಯಾಟರಿಗೂ ಕಟ್ಟಿ ಸೆಲ್ಫ್ ಹೊಡೆದೆವು. ವೈರಿನ ಮೇಲಿನ ರಬ್ಬರ್ ಹೊಗೆಯಾಡಿ ಕರಗಿ ಕೈಗೆ ಅಂಟಿತು. ಸೆಲ್ಫ್ ಎಳೆಯೋದು ನೂರಾರು ಆಂಪಿಯರ್, ಬೆರಳು ಗಾತ್ರದ ಕೇಬಲ್ಲೇ ಬೇಕು ಅನ್ನೋದು ಸುಟ್ಟುಕೊಂಡ ಮೇಲೆ ತಿಳೀತು. ಜೋಡಿಸೋದಕ್ಕೂ ಕ್ರಮವಿದೆ. ಮೊದಲು ಪ್ಲಸ್‌ನಿಂದ ಪ್ಲಸ್‌ಗೆ. ಆಮೇಲೆ ಒಳ್ಳೇ ಬ್ಯಾಟರಿಯ ಮೈನಸ್‌ನಿಂದ ಸತ್ತ ಗಾಡಿಯ ಇಂಜಿನ್ನಿನ ಬರೀ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೇ ಕಿಡಿ ಬ್ಯಾಟರಿ ಹತ್ತಿರ ಹಾರಬಾರದು. ಅದರಿಂದ ಬರೋ ಹೈಡ್ರೋಜನ್ ಅನಿಲ ಹೊತ್ತಿಕೊಂಡು ಸಿಡಿಯೋದುಂಟು.

ಮಾರನೇ ಬೆಳಗ್ಗೆ ಒಂಬತ್ತಕ್ಕೆ ಸರಪಳಿ ಕಟ್ಟಿ ಎಳೆಸಿ, ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟ ಮೇಲೆ ಹತ್ತಿಕೊಂಡಿತು. ಹಳೇ ಡೀಸೆಲ್ ಇಂಜಿನ್, ಒಮ್ಮೆ ತಿರುಗಿದರೆ ಓಡೋದಕ್ಕೆ ಕರೆಂಟ್ ಬೇಡ. ಆ ದಿನವೆಲ್ಲಾ ಅದನ್ನು ಆರಿಸಲೇ ಇಲ್ಲ, ಊಟದ ಹೊತ್ತಲ್ಲೂ ಗುಡುಗುಡು ಅಂತಾನೇ ಇತ್ತು. ಆದರೆ ಹಿಂದಿನ ದಿನದ ಗಾಳಿಗೆ ಮಸಾರಿಯ ಮೇಲ್ಮಣ್ಣು ಒಣಗಿ ಪುಡಿಯಾಗಿತ್ತು. ಬೀಜಕ್ಕೆ ಔಷಧಿ ಬೆರೆಸಿಯಾಗಿತ್ತು, ಮಾರೋ ಹಾಗೂ ಇಲ್ಲ, ತಿನ್ನೋ ಹಾಗೂ ಇಲ್ಲ. ಬಿತ್ತಿದೆ. ನಾಲ್ಕು ಎಕರೆ ಸಾಲು ಕಟ್ಟಿ ಹುಟ್ಟಿತು. ಎರಡು ಎಕರೆ ಅಲ್ಲೊಂದು ಇಲ್ಲೊಂದು. ಬದುವಿನ ಮೇಲೆ ನಿಂತರೆ ಗೆರೆ ಎಳೆದ ಹಾಗೆ ಕಾಣೋದು. ನನ್ನವಳು ಕಳೆ ತೆಗೆಯೋಕೆ ಆ ಕಡೆ ಹೋದಾಗಲೆಲ್ಲ ಏನೂ ಅನ್ನುತ್ತಿರಲಿಲ್ಲ, ಅದೇ ಹೆಚ್ಚು ಚುಚ್ಚೋದು.

ಬ್ಯಾಟರಿಗೂ ಪೆಟ್ಟು

ಖಾಲಿಯಾದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಕಂತೆ. ನಾನು ಬಿತ್ತನೆ ಗಡಿಬಿಡೀಲಿ, ಎಂಜಿನ್ ಓಡಿದರೆ ತುಂಬಿಕೊಳ್ಳುತ್ತೆ ಬಿಡು ಅಂತ ನಾಲ್ಕು ದಿನ ಬಿಟ್ಟೆ. ಹಾಗೆ ಬಿಟ್ಟರೆ ಸೀಸದ ಫಲಕದ ಮೇಲೆ ಬಿಳಿ ಹರಳು ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರಾ ತುಂಬಲ್ಲ. ಎಂಟು ತಿಂಗಳಿಗೆ ಹೊಸ ಬ್ಯಾಟರಿ ತರಬೇಕಾಯಿತು. ಈಗ ಒಂದು ಮೀಟರ್ ಇಟ್ಟುಕೊಂಡಿದ್ದೇನೆ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ 12.6 ಇದ್ದರೆ ತುಂಬಿದೆ, 12.2 ಅಂದರೆ ಹೆಚ್ಚುಕಮ್ಮಿ ಅರ್ಧ, 12ಕ್ಕಿಂತ ಕೆಳಗೆ ಹೋದರೆ ತಡಮಾಡಬಾರದು. ಇಂಜಿನ್ ಓಡುವಾಗ 14ರ ಆಸುಪಾಸು ತೋರಿಸಬೇಕು, ಇಲ್ಲದಿದ್ದರೆ ತಪ್ಪು ದೀಪದ್ದಲ್ಲ, ಆಲ್ಟರ್ನೇಟರಿನದು.

ಬಜರ್ ಮತ್ತು ಬಳೆ

ವೈರಿಂಗ್ ಹುಡುಗ ಒಂದು ಸಣ್ಣ 12 ವೋಲ್ಟ್ ಬಜರ್ ಹಾಕಿಕೊಟ್ಟ. ಅದರ ಕೆಂಪು ವೈರ್ ದೀಪದ ಸ್ವಿಚ್ ದಾಟಿದ ವೈರಿಗೆ, ಕಪ್ಪು ವೈರ್ ಕೀ ಹಾಕಿದಾಗ ಕರೆಂಟ್ ಬರೋ ವೈರಿಗೆ. ಕೀ ಹಾಕಿದ್ದಾಗ ಎರಡು ತುದಿಯಲ್ಲೂ 12 ವೋಲ್ಟ್, ಸದ್ದಿಲ್ಲ. ಕೀ ತೆಗೆದು ದೀಪ ಉಳಿದರೆ ಕಿರುಚುತ್ತೆ. ಉಲ್ಟಾ ಹರಿಯದ ಹಾಗೆ ಮಧ್ಯೆ ಒಂದು ಡಯೋಡ್, ಜೊತೆಗೆ ಫ್ಯೂಸ್. ನೂರು ರೂಪಾಯಿ ಒಳಗೆ ಸಾಮಾನು. ಹೊಸ ಕಾರುಗಳಲ್ಲಿ ಬಾಗಿಲು ತೆಗೆದರೆ ಕುಂಯ್ ಅನ್ನೋದೂ ಇಂಥದ್ದೇ ಏರ್ಪಾಟು. ಹಳೇ ವ್ಯಾನು, ಜೀಪು ಇರೋರೂ ಹಾಕಿಸಬಹುದು.

ಆದರೆ ಹಳೇ ಟ್ರ್ಯಾಕ್ಟರಿನಲ್ಲಿ ಒಂದು ತೊಡಕು. ಇಂಜಿನ್ ಆರೋದು ಗುಂಡಿ ಎಳೆದು, ಕೀ ತಿರುಗಿಸಿ ಅಲ್ಲ. ಗುಂಡಿ ಎಳೆದು ಕೀ ಮರೆತರೆ ಬಜರ್ ಸುಮ್ಮನಿರುತ್ತೆ. ಇದಕ್ಕೆ ನಾನು ಮಾಡಿದ್ದು ಒಂದು ಬಳೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಕೆಂಪು ಬಟ್ಟೆ ಸುತ್ತಿದ್ದು. ಸದಾ ದೀಪದ ಸ್ವಿಚ್ಚಿಗೇ ನೇತುಬಿದ್ದಿರುತ್ತೆ. ದೀಪ ಹಾಕಬೇಕಾದರೆ ಬಳೆ ತೆಗೆದು ಆರಿಸೋ ಗುಂಡಿಗೆ ಸಿಕ್ಕಿಸಬೇಕು. ಬಳೆ ಮುಟ್ಟದೆ ಗುಂಡಿ ಎಳೆಯೋಕಾಗಲ್ಲ. ಕೈಗೆ ಸಿಕ್ಕಿದ ಕೂಡಲೇ ದೀಪ ನೆನಪಾಗುತ್ತೆ. ಮಗ ಮೊದಲು ನಕ್ಕ, "ಅಪ್ಪಾ, ಗಾಡಿಗೂ ಬಳೆ ತೊಡಿಸಿದೀಯಾ?" ಅಂತ. ಈಗ ಅವನೂ ಮರೆಯದೆ ಹಾಕ್ತಾನೆ.

ಇನ್ನೊಂದು ಅಭ್ಯಾಸವನ್ನೂ ಬದಲಿಸಿದ್ದೇನೆ. ಬಿತ್ತನೆ ದಿನಗಳಲ್ಲಿ ಗಾಡಿಯನ್ನು ಮನೆ ಮುಂದೆ ಸಪಾಟು ಜಾಗದಲ್ಲಿ ನಿಲ್ಲಿಸೋದಿಲ್ಲ. ಗುಡಿ ಪಕ್ಕದ ಇಳಿಜಾರಿನಲ್ಲಿ, ಗೇರಿನಲ್ಲಿಟ್ಟು, ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತೇನೆ, ಮೂತಿ ಹೊಲದ ಕಡೆಗೆ.