ಬಾಟಲಿಗೆ ಬೆಲೆಯಿದೆ, ಚಾಕ್ಲೇಟ್ ಪೇಪರ್‌ಗೆ?

ಶಾಲೆಯಲ್ಲಿ ಪ್ಲಾಸ್ಟಿಕ್ ಮರುಬಳಕೆ ಅಂದಕೂಡಲೇ ನೆನಪಾಗೋದು ಅರ್ಧಕ್ಕೆ ಕತ್ತರಿಸಿ ಬಣ್ಣ ಬಳಿದ ನೀರಿನ ಬಾಟಲಿ, ಒಳಗೊಂದು ಮನಿಪ್ಲಾಂಟ್. ನೋಡೋಕೆ ಚಂದ. ಆದರೆ ಅದೇ ಬಾಟಲಿ ಹಾಗೇ ಗುಜರಿಗೆ ಹೋಗಿದ್ದರೆ ಮುಂದೆ ನೂಲಾಗಿ ಬಟ್ಟೆಯೂ ಆಗಬಹುದಿತ್ತು. ಬಣ್ಣ, ಗೋಂದು, ಚಮಕಿ ಎಲ್ಲ ಮೆತ್ತಿದ ಮೇಲೆ ಆ ದಾರಿ ಕಷ್ಟ. ಇನ್ನೂ ತಮಾಷೆ ಅಂದ್ರೆ, ಪ್ರಾಜೆಕ್ಟಿಗೆ ನಾಳೆಯೇ ಐದು ಖಾಲಿ ಬಾಟಲಿ ಬೇಕಂತ ಅಕ್ಕನ ಮಗಳು ಅಳು ಶುರು ಮಾಡಿದಾಗ, ನಮ್ಮ ಭಾವ ಅಂಗಡಿಗೆ ಓಡಿ ತುಂಬಿದ ಬಾಟಲಿಗಳನ್ನೇ ತಂದರು. ಪುಣ್ಯಕ್ಕೆ ನೀರು ತುಳಸಿ ಗಿಡಕ್ಕೆ ಹೋಯ್ತು.

ನನ್ನದು ಸಾಫ್ಟ್‌ವೇರ್ ಕೆಲಸ. ಬಗ್ ಸಿಕ್ಕರೆ ಅದು ಎಲ್ಲಿಂದ ಬಂತು ಅಂತ ಮೊದಲು ಹುಡುಕ್ತೀವಿ. ಶಾಲೆಯ ಕಸವನ್ನೂ ಹಾಗೇ ನೋಡಬಹುದು. ಒಂದು ಕ್ಲಾಸಿನ ಒಂದು ವಾರದ ಒಣ ಕಸವನ್ನು ಹಳೇ ಪೇಪರ್ ಮೇಲೆ ಸುರಿದು, ಮಕ್ಕಳ ಕೈಯಲ್ಲೇ ವಿಂಗಡಿಸಿ.

ಬಾಟಲಿ, ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತೆ. 1 ಅಂದರೆ ನೀರಿನ ಬಾಟಲಿಯ ಪೆಟ್. 2 ಶಾಂಪೂ ಬಾಟಲಿಯಂಥ ಗಟ್ಟಿ ಪ್ಲಾಸ್ಟಿಕ್. 5 ಅಂದರೆ ಪಾಲಿಪ್ರೊಪಿಲೀನ್, ಊಟದ ಡಬ್ಬಿಗಳಲ್ಲಿ ಕಾಣೋದು. ಇವಕ್ಕೆ ಗುಜರಿಯಲ್ಲಿ ಬೆಲೆ ಇದೆ. ತೊಳೆದು ಒಣಗಿಸಿದರೆ ಹಾಲಿನ ಪ್ಯಾಕೆಟ್ಟೂ ಮರುಬಳಕೆ ಆಗುತ್ತೆ. ಚಿಪ್ಸ್ ಪ್ಯಾಕೆಟ್‌ದೇ ಬೇರೆ ಕಥೆ. ಒಳಗೆ ಬೆಳ್ಳಿಯಂತೆ ಹೊಳೆಯೋದು ಅಲ್ಯೂಮಿನಿಯಂನ ತೆಳು ಲೇಪನ, ಅದಕ್ಕೆ ಅಂಟಿಕೊಂಡು ಪ್ಲಾಸ್ಟಿಕ್ ಪದರಗಳು. ಬೇರೆ ಮಾಡೋದು ಅಷ್ಟು ಸುಲಭವಲ್ಲ, ಹಾಗಾಗಿ ಗುಜರಿಯವರಿಗೂ ಬೇಡ. ಸಂಗ್ರಹಿಸಿ ಕಳಿಸಿದರೂ ಬಹುಪಾಲು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲು, ಅಷ್ಟೇ. ಹೊಳೆಯುವ ಚಾಕ್ಲೇಟ್ ಪೇಪರ್‌ಗಳದ್ದೂ ಇದೇ ಗತಿ.

ಕಾನೂನು ಇದೆಯಲ್ಲ ಅಂತೀರಾ? ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸ್ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ವಸ್ತುಗಳಲ್ಲಿ ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್ ಇವೆ. ಸ್ಕೂಲ್ ಡೇ ಸಾಮಾನಿನ ಅರ್ಧ ಪಟ್ಟಿ ಅಲ್ಲೇ ಇದೆ! ಚಿಪ್ಸ್ ಪ್ಯಾಕೆಟ್, ಚಾಕ್ಲೇಟ್ ಪೇಪರ್ ಮಾತ್ರ ಇಲ್ಲ. ಅವನ್ನು ತಡೆಯೋಕೆ ಉಳಿದಿರೋದು ಶಾಲೆಯ ಗೇಟು ಮತ್ತು ನಮ್ಮ ಮನೆ.

ಜೂನ್‌ನಲ್ಲಿ ಪುಸ್ತಕಗಳಿಗೆ ಖಾಕಿ ಬೈಂಡ್, ಅದರ ಮೇಲೆ ಮತ್ತೊಂದು ಪ್ಲಾಸ್ಟಿಕ್ ಹೊದಿಕೆ. ಮಳೆಯ ಭಯ ನಿಜವೇ, ಆದರೆ ಬ್ಯಾಗಿಗೊಂದು ರೈನ್‌ಕವರ್ ಇದ್ದರೆ ಸಾಕಲ್ಲ? ಹುಟ್ಟುಹಬ್ಬದ ಲೆಕ್ಕ ಇನ್ನೂ ದೊಡ್ಡದು. 40 ಮಕ್ಕಳ ಕ್ಲಾಸಿನಲ್ಲಿ ಪ್ರತಿಯೊಬ್ಬರೂ 40 ಚಾಕ್ಲೇಟ್ ಹಂಚಿದರೆ ವರ್ಷಕ್ಕೆ 1,600 ಪೇಪರ್. ಒಂದೇ ಕ್ಲಾಸಿನಲ್ಲಿ!

ಸ್ಟೀಲ್ ಡಬ್ಬಿಯಲ್ಲಿ ಕಡಲೆಮಿಠಾಯಿ ತಂದು ಹಂಚಲಿ ಅಂತ ಅಕ್ಕ ಪೋಷಕರ ಸಭೆಯಲ್ಲಿ ಹೇಳಿದಳು. "ಮಕ್ಕಳಿಗೆ ಬೇಜಾರಾಗುತ್ತೆ ರೀ" ಅಂದವರೇ ಜಾಸ್ತಿಯಂತೆ. ಕೊನೆಗೆ ಮಿಸ್ಸೇ, ದಸರಾ ರಜೆಯವರೆಗೆ ನೋಡೋಣ ಅಂತ ಒಪ್ಪಿಕೊಂಡಿದ್ದಾರೆ.