ಬಂಡೆಸಂದಿನ ಮಾಗಳಿ ಹೊಲಕ್ಕಿಳಿಯುವ ಬಗೆ

ಮಾಗಳಿ ಬೇರು ಒಣ ಕಾಡಿನ ಬಂಡೆಸಂದುಗಳಲ್ಲಿ ಹಬ್ಬುವ ಹಾಲುಬಳ್ಳಿಯೊಂದರ ಗಡ್ಡೆಬೇರು. ಕೆಲವೆಡೆ ಇದಕ್ಕೆ ಮಾಕಳಿ ಬೇರು ಎಂಬ ಹೆಸರೂ ಇದೆ. ಸಸ್ಯಶಾಸ್ತ್ರಜ್ಞರು ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂದು ಕರೆಯುವ ಈ ಬಳ್ಳಿ ದಕ್ಷಿಣ ಭಾರತದ ಗುಡ್ಡಗಳಿಗಷ್ಟೇ ಸೀಮಿತ. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟ, ಸಾವನದುರ್ಗ, ದೇವರಾಯನದುರ್ಗಗಳ ಕಡೆ ಸಿಗುತ್ತದೆ.

ಬೇರಿನ ಬೆಲೆಯೆಲ್ಲ ಅದರ ಗಂಧದಲ್ಲಿದೆ. ಅದರ ಸುಗಂಧ ತೈಲದ ಬಹುಪಾಲು ಒಂದೇ ರಾಸಾಯನಿಕ. ವೆನಿಲಾಕ್ಕೆ ಪರಿಮಳ ಕೊಡುವ ವೆನಿಲಿನ್ನಿನದೂ ಇದರದೂ ಅಣುಸೂತ್ರ ಒಂದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಆದರೂ ಮೊದಲ ಸಲ ಮೂಸಿದವರಲ್ಲಿ ಹಲವರಿಗೆ ನೆನಪಾಗುವುದು ತಿಗಣೆ! ಉಪ್ಪು, ಖಾರ, ನಿಂಬೆರಸ ಅಥವಾ ಮಜ್ಜಿಗೆಯಲ್ಲಿ ನೆನೆದ ಉಪ್ಪಿನಕಾಯಿಯ ರುಚಿ ಹತ್ತಿದವರು ಆ ದೂರನ್ನು ಮರೆಯುತ್ತಾರೆ. ಹಸಿವು ಹೆಚ್ಚಿಸುವ, ರಕ್ತ ಶುದ್ಧಿಗೊಳಿಸುವ ಮದ್ದೆಂದು ನಾಟಿವೈದ್ಯದಲ್ಲಿ ಈ ಬೇರನ್ನು ಬಳಸುತ್ತಾರೆ. ಸೊಗದೆ ಬೇರಿನ ಬದಲಿಗೂ ಇದು ಮಾರಾಟವಾಗುವುದುಂಟು.

ಬೇಕಾದದ್ದು ಬೇರೇ ಆದ್ದರಿಂದ ಕೊಯ್ಲೆಂದರೆ ಬಳ್ಳಿಯನ್ನೇ ಅಗೆದು ತೆಗೆಯುವುದಾಗಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಸಸ್ಯ. ಅದಕ್ಕೇ ಹೊಲದಲ್ಲಿ ಬೆಳೆಯುವ ಪ್ರಯತ್ನ.

ಸಸಿ ಪಡೆಯಲು ದಾರಿ ಮೂರು. ಮೊದಲನೆಯದು ಬೀಜ, ಅದು ಕಾಡಿನದೇ ದಾರಿ. ಜೋಡಿ ಕಾಯಿಗಳು ಒಣಗಿ ಬಿರಿದಾಗ ರೇಷ್ಮೆಯಂಥ ಕುಚ್ಚು ಹೊತ್ತ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಆದ್ದರಿಂದ ಕಾಯಿ ಬಲಿತು ಬಿರಿಯುವ ಮುನ್ನವೇ ಬಿಡಿಸಿ ನೆರಳಲ್ಲಿ ಒಣಗಿಸಿ, ಕುಚ್ಚು ತೆಗೆದು, ಹೊಸದಿರುವಾಗಲೇ ಮರಳು ಬೆರೆಸಿದ ಪಾತಿಯಲ್ಲಿ ಬಿತ್ತುವುದು ಒಳ್ಳೆಯದು. ಕಾಯಿ ಆಗುವ ಮೊದಲೇ ಬಳ್ಳಿ ಕಿತ್ತುಹೋದ ಗುಡ್ಡದಲ್ಲಿ ಬೀಜವಾದರೂ ಎಲ್ಲಿಂದ ಬರಬೇಕು?

ಕಾಂಡದ ತುಂಡು ನೆಡುವುದು ಸುಲಭವೆನಿಸಿದರೂ ಈ ಬಳ್ಳಿಯ ತುಂಡುಗಳು ತಾವಾಗಿ ಬೇರುಬಿಡಲು ಹಿಂದೇಟು ಹಾಕುತ್ತವೆ. ಬುಡವನ್ನು ಬೇರು ಬರಿಸುವ ಹಾರ್ಮೋನಿನಲ್ಲಿ ಅದ್ದಿ, ತೇವ ಆರದ ನೆರಳುಮನೆಯಲ್ಲಿ ಇಡಬೇಕಾಗುತ್ತದೆ. ಮೂರನೆಯದು ಅಂಗಾಂಶ ಕೃಷಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರಲ್ಲಿ ಸಾಕಷ್ಟು ಕೆಲಸ ಮಾಡಿದ್ದಾರೆ. ಚಿಗುರಿನ ತುದಿ ಅಥವಾ ಗೆಣ್ಣಿನ ತುಂಡನ್ನು ಪೋಷಕ ಮಾಧ್ಯಮದಲ್ಲಿಟ್ಟು, ಒಂದರಿಂದ ಹಲವು ಚಿಗುರು ಹೊರಡಿಸಿ, ಪ್ರತ್ಯೇಕವಾಗಿ ಬೇರು ಬರಿಸುತ್ತಾರೆ. ಗಾಜಿನೊಳಗಿನ ತೇವಕ್ಕೆ ಒಗ್ಗಿದ ಸಸಿಯನ್ನು ಹಂತಹಂತವಾಗಿ ಹೊರಗಿನ ಗಾಳಿ, ಬಿಸಿಲಿಗೆ ಹದಗೊಳಿಸುವ ಕೆಲಸ ನಾಜೂಕಿನದು.

ಸಸಿ ಬೆಳೆಸುವುದಕ್ಕಿಂತ ರೈತನನ್ನು ಒಪ್ಪಿಸುವುದೇ ಹೆಚ್ಚು ಕಷ್ಟ. ಗಡ್ಡೆ ಕೊಯ್ಲಿಗೆ ಬರಲು ಕೆಲವು ವರ್ಷ ಕಾಯಬೇಕು. ಅಷ್ಟರಲ್ಲಿ ಕಾಡಿನ ಬೇರು ಸಾಗುವಳಿ ಖರ್ಚಿಲ್ಲದೆ ಸಂತೆಗೆ ಬರುತ್ತಿದ್ದರೆ ಹೊಲದ ಬೇರು ಬೆಲೆಯಲ್ಲಿ ಅದಕ್ಕೆ ಸರಿಸಾಟಿಯಾಗಲಾರದು. ಇಡೀ ಹೊಲವನ್ನು ಇದಕ್ಕೇ ಮೀಸಲಿಡುವ ಬದಲು ಬದು, ಬೇಲಿ, ಕಲ್ಲುಭೂಮಿಗಳಲ್ಲಿ ಹಬ್ಬಿಸುವುದು ಜಾಣತನ. ನೀರು ನಿಲ್ಲದ ಸಡಿಲ ಮಣ್ಣು, ಹಬ್ಬಲು ಒಂದು ಆಸರೆ, ಇಷ್ಟು ಸಾಕು. ಮಣ್ಣು ಸಡಿಲವಾಗಿದ್ದಷ್ಟೂ ಬೇರು ಮುರಿಯದೆ ಅಗೆಯಲು ಅನುಕೂಲ.

ಕೊಯ್ಲಿನಲ್ಲಿ ಬುಡವನ್ನೂ ಕೆಲವು ಗಡ್ಡೆಗಳನ್ನೂ ಉಳಿಸಿ ಮಣ್ಣು ಮುಚ್ಚಿದರೆ ಬಳ್ಳಿ ಮತ್ತೆ ಚಿಗುರಬಲ್ಲದು. ತೆಗೆದ ಬೇರನ್ನು ತೊಳೆದು, ಸಿಪ್ಪೆ ಹೆರೆದು, ನಡುವಿನ ಕಟ್ಟಿಗೆಯಂಥ ದಿಂಡನ್ನು ಬಿಸಾಡಿ, ತಿರುಳನ್ನಷ್ಟೇ ಹೆಚ್ಚಿ ಉಪ್ಪಿನಕಾಯಿಗೆ ಹಾಕುತ್ತಾರೆ.